ಹಸುರು ಕೊಳದ ಸೇವೆ

ವಿಜಯಪುರ ಜಿಲ್ಲೆಯ ಸಿಂದಗಿ ಸೀಮೆಯಲ್ಲಿ ಮಳೆ ಕಡಿಮೆ. ಜೋಳ, ತೊಗರಿ, ಲಿಂಬೆಗಳನ್ನು ಬೆಳೆಯುವ ಇಲ್ಲಿಯ ರೈತನಿಗೆ ಹನಿ ನೀರೂ ಬೆಲೆಯುಳ್ಳದ್ದು. ಇಂತಹ ನಾಡಿನ ಪಟ್ಟಣಗಳಲ್ಲಿ ಬಚ್ಚಲು, ಚರಂಡಿಗಳಿಂದ ಹರಿಯುವ ನೀರು ವರ್ಷವಿಡೀ ಬತ್ತದ ತೊರೆಯೇ ಸರಿ. ಆದರೆ ಶುದ್ಧಿಗೊಳ್ಳದೆ ಹಳ್ಳವನ್ನು ಸೇರಿದರೆ ಅದು ಬಾವಿಗಳನ್ನು ಕೆಡಿಸಿ ರೋಗಗಳನ್ನು ಹರಡುತ್ತದೆ. ಈ ಕೊಳೆಯನ್ನು ಕಳೆಯಲು ಮಾನವನಿಗೆ ನೆರವಾಗಬಲ್ಲ ಜೀವಿಯೊಂದುಂಟು. ಅದೇ ಬರಿಗಣ್ಣಿಗೆ ಕಾಣದ ಸೂಕ್ಷ್ಮಪಾಚಿ.

ಕೊಳಚೆಯಲ್ಲಿರುವ ಬ್ಯಾಕ್ಟೀರಿಯಗಳು ಹೊಲಸನ್ನು ಒಡೆದು ಇಂಗಾಲದ ಡೈಆಕ್ಸೈಡನ್ನು ಹೊರಬಿಡುತ್ತವೆ. ಈ ಕೆಲಸಕ್ಕೆ ಅವುಗಳಿಗೆ ಆಮ್ಲಜನಕ ಬೇಕು. ಪಾಚಿಯು ಬಿಸಿಲಿನ ಬಲದಿಂದ ಆ ಡೈಆಕ್ಸೈಡನ್ನು ಬಳಸಿ ಆಹಾರವನ್ನು ತಯಾರಿಸಿಕೊಂಡು, ಆಮ್ಲಜನಕವನ್ನು ನೀರಿಗೆ ಕೊಡುತ್ತದೆ. ಸಾರಜನಕ, ರಂಜಕಗಳ ಲವಣಗಳನ್ನೂ ಹೀರಿಕೊಳ್ಳುತ್ತದೆ. ಹೀಗೆ ಒಂದು ಬಿಟ್ಟುದು ಮತ್ತೊಂದಕ್ಕೆ ಉಣಿಸಾಗುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ವಿಲಿಯಂ ಆಸ್ವಾಲ್ಡರು 1950ರ ದಶಕದಲ್ಲಿ ಈ ಸಹಜೀವನವನ್ನು ಆಳವಾಗಿ ಅಭ್ಯಸಿಸಿ, ಆಳವಿಲ್ಲದ ಪಾಚಿಕೊಳಗಳ ವಿಧಾನವನ್ನು ಬೆಳೆಸಿದರು.

ಕರ್ನಾಟಕದಲ್ಲಿಯೂ ಇದಕ್ಕೆ ನಿದರ್ಶನವುಂಟು. ಮೈಸೂರಿನ ವಿದ್ಯಾರಣ್ಯಪುರದಲ್ಲಿ ದಿನಕ್ಕೆ 6 ಕೋಟಿ ಲೀಟರಿಗೂ ಮಿಗಿಲಾದ ಕೊಳಚೆಗಾಗಿ ವಿಶಾಲ ಕೊಳಗಳನ್ನು ನಿರ್ಮಿಸಲಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಅವುಗಳನ್ನು ಪರೀಕ್ಷಿಸಿ, ಪಾಚಿಯ ನೆರವಿನಿಂದ ನೀರು ಬಹುಮಟ್ಟಿಗೆ ಶುದ್ಧಿಯಾಗುವುದನ್ನು 2013ರಲ್ಲಿ ಪ್ರಕಟಿಸಿದರು.

ಆದರೆ ಚಳಿ ಈ ಸೇವೆಗೆ ಅಡ್ಡಿ. ಉಷ್ಣತೆ 10 ಡಿಗ್ರಿಯಷ್ಟು ಇಳಿದರೆ ಜೀವಕ್ರಿಯೆಗಳ ವೇಗ ಸುಮಾರು ಅರ್ಧಕ್ಕೆ ಕುಗ್ಗುತ್ತದೆ. ಒಳಬರುವ ಕೊಳಚೆ ಮಾತ್ರ ಕುಗ್ಗುವುದಿಲ್ಲ! ಉತ್ತರದ ಶೀತ ದೇಶಗಳಲ್ಲಿ ಹಗಲೂ ಗಿಡ್ಡ. ಕೊಳದ ಮೇಲೆ ಮಂಜುಗಡ್ಡೆ ಕವಿದು ಬೆಳಕನ್ನು ತಡೆಯುತ್ತದೆ. ಆದುದರಿಂದ ಸ್ವೀಡನ್, ಕೆನಡಾಗಳ ವಿಜ್ಞಾನಿಗಳು ಚಳಿಯನ್ನು ತಾಳಬಲ್ಲ ಪಾಚಿಗಳನ್ನು ಹುಡುಕಿ ಪರೀಕ್ಷಿಸಿದ್ದಾರೆ. ಹಿಮದ ಮೇಲೆಯೇ ಬೆಳೆದು ಅದನ್ನು ಕೆಂಪಾಗಿಸುವ ಪಾಚಿಯೂ ಉಂಟೆಂದ ಮೇಲೆ ಈ ಹುಡುಕಾಟ ವ್ಯರ್ಥವಲ್ಲ.

ಸಿಂದಗಿಯ ಚಳಿ ಅಂತಹುದಲ್ಲ. ಪುಷ್ಯಮಾಸದ ರಾತ್ರಿ ಮೈ ನಡುಗಿಸಿದರೂ ಹಗಲಿನ ಬಿಸಿಲು ನಿಚ್ಚಳ. ಇಂತಹ ಕಡೆ ಚಳಿಗಾಲದಲ್ಲಿ ನೀರನ್ನು ಇನ್ನೂ ಕೆಲವು ದಿನ ಹೆಚ್ಚು ತಂಗಿಸುವಷ್ಟು ವಿಶಾಲವಾದ ಕೊಳವಿದ್ದರೆ ಪಾಚಿಗೆ ಕಾಲಾವಕಾಶ ದೊರೆಯುತ್ತದೆ.

ಒಂದು ಎಚ್ಚರಿಕೆ ಅಗತ್ಯ. ಬೆಳೆದ ಪಾಚಿಯನ್ನು ಬೇರ್ಪಡಿಸದಿದ್ದರೆ ಅದೇ ಕೊಳೆತು ನೀರನ್ನು ಮತ್ತೆ ಕೆಡಿಸುತ್ತದೆ. ಹೊರಬಂದ ನೀರು ಕುಡಿಯಲು ಯೋಗ್ಯವಲ್ಲ. ಪರೀಕ್ಷೆಯ ನಂತರ ಹೊಲಕ್ಕೆ ಉಪಯುಕ್ತ. ಬರದ ನಾಡಿಗೆ ಅದೂ ಸಣ್ಣ ಲಾಭವಲ್ಲ. ಸೂಕ್ಷ್ಮಜೀವಿಯು ತನ್ನ ಕೆಲಸವನ್ನು ಮಾಡುತ್ತದೆ. ಅದಕ್ಕೆ ತಕ್ಕ ಸ್ಥಳವನ್ನೂ ಕಾಲವನ್ನೂ ಒದಗಿಸುವ ಹೊಣೆ ಮಾನವನದು.

ಅಭ್ಯಾಸ

1. ಪಾಚಿ ಮತ್ತು ಬ್ಯಾಕ್ಟೀರಿಯಗಳು ಪರಸ್ಪರ ಹೇಗೆ ನೆರವಾಗುತ್ತವೆ?
2. ಚಳಿಗಾಲದಲ್ಲಿ ಕೊಳಚೆಯ ಶುದ್ಧೀಕರಣ ಏಕೆ ನಿಧಾನವಾಗುತ್ತದೆ?
3. ಶೀತ ದೇಶಗಳ ಚಳಿಗೂ ಸಿಂದಗಿಯ ಚಳಿಗೂ ಇರುವ ವ್ಯತ್ಯಾಸವನ್ನು ವಿವರಿಸಿರಿ.