ಓದುಗರ ಪ್ರಶ್ನೆ: ಎಂಟು ಅಡಿಯ ಸಿಎನ್‌ಸಿ ರೌಟರ್ ನಾವೇ ಕಟ್ಟಬಹುದೆ?

ಪ್ರಶ್ನೆ: ವಿಜಯವಾಡದಲ್ಲಿ ನಮ್ಮದೊಂದು ಸಣ್ಣ ಮರಗೆಲಸದ ಅಂಗಡಿ ಇದೆ. 8×4 ಅಡಿಯ ಪ್ಲೈವುಡ್ ಹಾಳೆಯನ್ನು ಇಡಿಯಾಗಿ ಹಾಕಿ ಕೊರೆಯುವ ಸಿಎನ್‌ಸಿ ರೌಟರನ್ನು ಕಡಿಮೆ ಖರ್ಚಿನಲ್ಲಿ ನಾವೇ ಕಟ್ಟಿಕೊಳ್ಳಬಹುದೆ? ಅಣ್ಣ ವಿಶಾಖಪಟ್ಟಣದಲ್ಲಿದ್ದಾನೆ. ಉಕ್ಕಿನ ಊರಿನಿಂದಲೇ ಕಬ್ಬಿಣ ತರಿಸಿದರೆ ಉಳಿತಾಯವಾದೀತೆ?
– ಒಬ್ಬ ಓದುಗರು, ವಿಜಯವಾಡ

ಉತ್ತರ: ಕಟ್ಟಬಹುದು. ಆದರೆ ನಿಮ್ಮ ಅಂಗಡಿಗೆ ಬೇಕಾದದ್ದು ಈ ಯಂತ್ರವೇ ಹೌದೇ ಎಂದು ಮೊದಲು ನೋಡಿಕೊಳ್ಳಿ. ಏಟಿಕೊಪ್ಪಾಕ ಅಥವಾ ಚನ್ನಪಟ್ಟಣದ ಗೊಂಬೆಗಳಂಥ ಉರುಟು ಸಾಮಾನು ಮಾಡುವವರಿಗೆ ಲೇತ್ ಸಾಕು, ರೌಟರ್ ದಂಡ. ಬಾಗಿಲು, ಜಾಲಂಧ್ರ, ಬೀರು, ಅಕ್ಷರ ಫಲಕಗಳಂಥ ಚಪ್ಪಟೆ ಕೆಲಸವಿದ್ದರೆ ಮುಂದೆ ಓದಿ.

ದೊಡ್ಡ ರೌಟರಿನ ಶತ್ರು ಬಾಗುವಿಕೆ. ಕತ್ತರಿಸುವ ತಲೆಯನ್ನು ಹೊತ್ತು ಓಡಾಡುವ ಅಡ್ಡತೊಲೆಗೆ ಗ್ಯಾಂಟ್ರಿ ಎನ್ನುತ್ತಾರೆ. ತೊಲೆಯ ಉದ್ದ ಎರಡು ಪಟ್ಟಾದರೆ ಅದೇ ಭಾರಕ್ಕೆ ಅದು ಎಂಟು ಪಟ್ಟು ಬಾಗುತ್ತದೆ. ಹಾಗಾಗಿ ತೊಲೆ 4 ಅಡಿಯ ಕಡೆಗೆ ಅಡ್ಡವಾಗಿರಲಿ, ಓಟ 8 ಅಡಿಯ ಉದ್ದಕ್ಕಿರಲಿ. ತೊಲೆಯ ಎತ್ತರವನ್ನು ಧಾರಾಳವಾಗಿ ಇಡಿ. ಮಲಗಿಸಿದ ಹಲಗೆ ಬಾಗುತ್ತದೆ, ನಿಲ್ಲಿಸಿದ್ದು ಬಾಗುವುದಿಲ್ಲ. ಅಟ್ಟಕ್ಕೆ ತೊಲೆ ಕೂರಿಸುವ ಬಡಗಿಗೆ ಇದನ್ನು ಹೇಳಿಕೊಡಬೇಕಿಲ್ಲ. ಇಂಟರ್‌ನೆಟ್ಟಿನಲ್ಲಿ ಸಿಗುವ ನಕ್ಷೆಗಳಲ್ಲಿ ಅಲ್ಯೂಮಿನಿಯಂ ಹೆಚ್ಚು. ಅದೇ ಅಳತೆಯ ಅಲ್ಯೂಮಿನಿಯಂ ತೊಲೆ ಉಕ್ಕಿನದಕ್ಕಿಂತ ಸುಮಾರು ಮೂರು ಪಟ್ಟು ಬಾಗುತ್ತದೆ. ಉಕ್ಕಿನ ಪೆಟ್ಟಿಗೆ ಪೈಪೇ ಅಗ್ಗ, ಅದೇ ಗಟ್ಟಿ.

ಇನ್ನು ಕಬ್ಬಿಣದ ಮಾತು. ವಿಶಾಖಪಟ್ಟಣದ ಉಕ್ಕಿನ ಕಾರ್ಖಾನೆಯಲ್ಲಿ ಕಂಬಿ, ಆಂಗಲ್, ಚಾನೆಲ್ ತಯಾರಾಗುವುದು ನಿಜ. ಆದರೂ ಅಲ್ಲಿಂದ 350 ಕಿ.ಮೀ. ಹೊತ್ತು ತಂದರೆ ಉಳಿತಾಯವನ್ನು ಲಾರಿ ಬಾಡಿಗೆಯೇ ನುಂಗುತ್ತದೆ. ನಿಮ್ಮೂರಿನ ಆಟೋನಗರದಲ್ಲಿ ಲಾರಿಗಳ ಬಾಡಿ ಕಟ್ಟುವ ವೆಲ್ಡರುಗಳಿದ್ದಾರೆ. ಉದ್ದನೆಯ ಚೌಕಟ್ಟನ್ನು ಸೊಟ್ಟಗಾಗದಂತೆ ಬೆಸೆಯುವುದು ಅವರ ದಿನನಿತ್ಯದ ಕೆಲಸ. ಕಬ್ಬಿಣವನ್ನೂ ಅಲ್ಲೇ ಕೊಳ್ಳಿ, ಬೆಸುಗೆಯನ್ನೂ ಅಲ್ಲೇ ಮಾಡಿಸಿ. ಗ್ಯಾಂಟ್ರಿಯ ಎರಡು ಪಕ್ಕೆಗಳಿಗೆ ದಪ್ಪ ತಗಡಿನ ತುಂಡು ವಿಶಾಖಪಟ್ಟಣದ ಗುಜರಿಯಲ್ಲಿ ಸಿಕ್ಕರೆ ಅಷ್ಟನ್ನು ಮಾತ್ರ ಅಣ್ಣನಿಂದ ತರಿಸಿ.

ಎಷ್ಟೇ ನುರಿತ ಕೈಯಾದರೂ ಬೆಸುಗೆಯ ಕಾವಿಗೆ ಚೌಕಟ್ಟು ಒಂದೆರಡು ಮಿ.ಮೀ. ಎಳೆಯುತ್ತದೆ. ಅದನ್ನು ದೊಡ್ಡ ಮಿಲ್ಲಿಂಗ್ ಯಂತ್ರದಲ್ಲಿ ಸಮ ಮಾಡಿಸುವುದು ದುಬಾರಿ. ಬಡವರ ಉಪಾಯ ಬೇರೆ ಇದೆ. ಗ್ಯಾಂಟ್ರಿ ಓಡುವ ರೈಲು ಕೂರುವ ಎರಡೂ ಅಂಚುಗಳಿಗೆ ತಾತ್ಕಾಲಿಕ ಕಟ್ಟೆ ಕಟ್ಟಿ, ನಡುವೆ ಒಂದು ಕಾಲುವೆಯಿಂದ ಜೋಡಿಸಿ, ತೆಳುವಾಗಿ ಹರಿಯುವ ಎಪಾಕ್ಸಿ ಸುರಿಯಿರಿ. ಗದ್ದೆಯ ನೀರಿನ ಹಾಗೆ ಅದು ಎರಡೂ ಕಡೆ ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ಪೂರ್ತಿ ಗಟ್ಟಿಯಾದ ಮೇಲೆ ಅದರ ಮೇಲೆ ರೈಲು ಬಿಗಿಯಿರಿ.

ರೈಲಿನಲ್ಲಿ ಜಿಪುಣತನ ಬೇಡ. ಎರಡು ತುದಿಯಲ್ಲಷ್ಟೇ ಆಸರೆ ಇರುವ ದುಂಡು ಸರಳು ನಡುವೆ ಜೋಲುತ್ತದೆ. ಉದ್ದಕ್ಕೂ ಆಸರೆಯಿರುವ 20 ಮಿ.ಮೀ. ಚೌಕ ರೈಲನ್ನೇ ಹಾಕಿ. ಮುಂದೆ ವಿಶಾಖಪಟ್ಟಣದಲ್ಲೂ ಒಂದು ಕಟ್ಟುವುದಾದರೆ, ಕಡಲ ಗಾಳಿಗೆ ರೈಲು ಬೇಗ ತುಕ್ಕು ಹಿಡಿಯುತ್ತದೆ. ಎಣ್ಣೆ ಒರೆಸುವುದನ್ನು ಮರೆಯಬಾರದು.

ಓಡಿಸಲು ಬಾಲ್ ಸ್ಕ್ರೂ ಚೆನ್ನ ಎನ್ನುತ್ತಾರೆ. ಗಿಡ್ಡ ಓಟಕ್ಕೆ ಅದು ನಿಜ. ಎರಡೂವರೆ ಮೀಟರಿನ 16 ಮಿ.ಮೀ. ಸ್ಕ್ರೂ ನಿಮಿಷಕ್ಕೆ 300 ಸುತ್ತಿನ ಆಸುಪಾಸಿನಲ್ಲೇ ಸ್ಕಿಪ್ಪಿಂಗ್ ಹಗ್ಗದ ಹಾಗೆ ಬೀಸತೊಡಗುತ್ತದೆ. ಉದ್ದದ ಓಟಕ್ಕೆ ರ್‍ಯಾಕ್ ಮತ್ತು ಪಿನಿಯನ್ ಇಡಿ, ಎರಡೂ ಬದಿಗೆ ಒಂದೊಂದು ಮೋಟರ್. 1.5 ಮಾಡ್ಯೂಲಿನ 20 ಹಲ್ಲಿನ ಪಿನಿಯನ್ ಒಂದು ಸುತ್ತಿಗೆ 94 ಮಿ.ಮೀ. ಓಡುತ್ತದೆ. ಬೆಲ್ಟಿನಿಂದ ನಾಲ್ಕು ಪಟ್ಟು ನಿಧಾನಿಸಿದರೆ, ಸುತ್ತಿಗೆ 200 ಹೆಜ್ಜೆಯ ಸ್ಟೆಪ್ಪರ್ ಮೋಟರಿನ ಒಂದು ಹೆಜ್ಜೆ 0.12 ಮಿ.ಮೀ. ಆಗುತ್ತದೆ. ಮೋಟರನ್ನು ಓಡಿಸುವ ಡ್ರೈವರ್ ಸರ್ಕ್ಯೂಟ್ ಆ ಹೆಜ್ಜೆಯನ್ನು ಮತ್ತೆ ಎಂಟಾಗಿ ಒಡೆಯಬಲ್ಲದು.

ಇದಕ್ಕಿಂತ ನಯಕ್ಕೆ ಹಣ ಸುರಿಯಬೇಡಿ. 20 ಡಿಗ್ರಿ ಬಿಸಿಲೇರಿದರೆ ನಿಮ್ಮ 8 ಅಡಿಯ ಉಕ್ಕೇ ಅರ್ಧ ಮಿ.ಮೀ. ಹಿಗ್ಗುತ್ತದೆ. ಡಿಸೆಂಬರಿನ ಬೆಳಗಿಗೂ ಮೇ ತಿಂಗಳ ಮಧ್ಯಾಹ್ನಕ್ಕೂ ವಿಜಯವಾಡದಲ್ಲಿ ಅಷ್ಟು ಅಂತರ ಇದ್ದೇ ಇದೆ. ಮರದ ಕೆಲಸಕ್ಕೆ 0.2 ಮಿ.ಮೀ. ಧಾರಾಳ.

ಯಂತ್ರದ ಮಿದುಳು ಅಗ್ಗವಾಗಿದೆ. ಆರ್ಡುಯಿನೋ ಬೋರ್ಡಿನಲ್ಲಿ ಓಡುವ ಜಿಆರ್‌ಬಿಎಲ್ ತಂತ್ರಾಂಶ ಉಚಿತ. ಶುರುವಿಗೆ ಅಂಗಡಿಯಲ್ಲಿರುವ ಕೈ ರೌಟರನ್ನೇ ತಲೆಗೆ ಕಟ್ಟಿ. ದುಡಿಮೆ ಬಂದ ಮೇಲೆ ನೀರಿನಿಂದ ತಂಪಾಗುವ 2.2 ಕಿಲೋವ್ಯಾಟಿನ ಸ್ಪಿಂಡಲ್ ತನ್ನಿ. ಅದರ ಜೊತೆಗೆ ಬರುವ ವೇಗ ನಿಯಂತ್ರಕ (ವಿಎಫ್‌ಡಿ) ಸುತ್ತಲಿನ ತಂತಿಗಳಿಗೆಲ್ಲ ವಿದ್ಯುತ್ ಗದ್ದಲ ಹಬ್ಬಿಸುತ್ತದೆ. ಕವಚವಿರುವ ಕೇಬಲ್, ಗಟ್ಟಿ ಅರ್ಥಿಂಗ್, ಕೈಗೆಟಕುವ ಕೆಂಪು ತುರ್ತು ಗುಂಡಿ, ಧೂಳು ಹೀರುವ ವ್ಯವಸ್ಥೆ: ಈ ನಾಲ್ಕರಲ್ಲಿ ಒಂದು ರೂಪಾಯಿಯನ್ನೂ ಉಳಿಸಬೇಡಿ. ಎಂಡಿಎಫ್ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಓಡುವ ಯಂತ್ರವನ್ನು ಬಿಟ್ಟು ಊಟಕ್ಕೆ ಹೋಗುವುದೂ ಬೇಡ.

ಮೋಟರಿಗೆ ಮುಂಗಡ ಕೊಡುವ ಮೊದಲು ಚೌಕಟ್ಟಿನ ಮುಂದೆ ಟೇಪು ಹಿಡಿದು ನಿಲ್ಲಿ. 1220×2440 ಮಿ.ಮೀ. ಹಾಸಿನ ಎರಡೂ ಕರ್ಣಗಳು 2728 ಮಿ.ಮೀ. ಬರಬೇಕು. ಬರದಿದ್ದರೆ ವೆಲ್ಡರನ್ನು ಮತ್ತೆ ಕರೆಸಿ, ಮೋಟರ್ ಕಾಯಲಿ.