ಕಾಲಿಗೆ ಸ್ಟೆಂಟ್ ಹಾಕಿಸಿದ್ದೀರಾ? ಕಂಬ ಎಣಿಸಿ

ಕಾಲಿನ ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡವರನ್ನು ‘ಈಗ ನೋವಿದೆಯೇ?’ ಎಂದು ಕೇಳಿದರೆ ಸಾಲದು, ‘ಎಷ್ಟು ದೂರ ನಡೀತೀರಿ?’ ಎಂದು ಕೇಳಬೇಕು. ಬೆಂಗಳೂರಿನ ಶೆಟ್ಟಿಹಳ್ಳಿಯಿಂದ ಜಾಲಹಳ್ಳಿ ಮೆಟ್ರೊವರೆಗೆ ನಡೆದೇ ಹೋಗುತ್ತಿದ್ದವರು ಆಟೊ ಹತ್ತತೊಡಗುತ್ತಾರೆ, ತರಕಾರಿಗೆ ಮಗನನ್ನು ಕಳಿಸುತ್ತಾರೆ. ನಡೆಯುವುದನ್ನೇ ಬಿಟ್ಟ ಮೇಲೆ ನೋವು ಎಲ್ಲಿಂದ ಬರಬೇಕು? ಒಳಗೆ ಸ್ಟೆಂಟ್ ಮತ್ತೆ ಕಿರಿದಾಗುತ್ತಿದ್ದರೂ ಗೊತ್ತಾಗುವುದಿಲ್ಲ.

ಬಲೂನು, ಸ್ಟೆಂಟ್‌ಗಳಿಂದಾದ ಗಾಯ ಮಾಯುವಾಗ ನಾಳದ ಜೀವಕೋಶಗಳು ಅತಿಯಾಗಿ ಬೆಳೆದು ಸ್ಟೆಂಟಿನ ಜಾಲರಿಯೊಳಗೆ ತುಂಬಿಕೊಳ್ಳುತ್ತವೆ. ಮೊದಲ ವರ್ಷ ಈ ಅಪಾಯ ಹೆಚ್ಚು. ಕೂತೆದ್ದಾಗಲೆಲ್ಲ ಬಾಗಿ ತಿರುಚಿಕೊಳ್ಳುವ ತೊಡೆಯ ನಾಳಕ್ಕಂತೂ ಇನ್ನೂ ಹೆಚ್ಚು. ಪೂರ್ತಿ ಮುಚ್ಚುವ ಮೊದಲೇ ಸಿಕ್ಕಿಬಿದ್ದರೆ ಔಷಧ ಲೇಪಿಸಿದ ಬಲೂನಿನಿಂದ ಮತ್ತೆ ಅಗಲಿಸಬಹುದು.

ಹಾಗಾಗಿ ನಡೆಯುವ ದೂರವನ್ನು ವಾರಕ್ಕೊಮ್ಮೆ ಅಳೆಯಿರಿ. ಅದೇ ರಸ್ತೆ, ಅದೇ ವೇಗ, ಏರಿಳಿತ ಬೇಡ. ಮೀನಖಂಡ ಹಿಡಿದುಕೊಂಡದ್ದು ಎಷ್ಟನೇ ಕರೆಂಟ್ ಕಂಬದ ಬಳಿ ಎಂದು ಕ್ಯಾಲೆಂಡರಿನಲ್ಲಿ ಬರೆದಿಡಿ. ಕೂರದೆ, ಸುಮ್ಮನೆ ನಿಂತರೇ ಕೆಲವು ನಿಮಿಷದಲ್ಲಿ ನೋವು ಇಳಿಯಿತೇ? ಅದನ್ನೂ ಬರೆಯಿರಿ. ರಕ್ತ ಸಾಲದೆ ಬರುವ ನೋವಿನ ಗುರುತು ಅದು. ಹತ್ತು ಕಂಬ ದಾಟುತ್ತಿದ್ದವರು ಆರಕ್ಕೇ ನಿಂತರೆ ಮುಂದಿನ ತಪಾಸಣೆಯ ತಾರೀಖಿಗೆ ಕಾಯಬೇಡಿ. ‘ವಾಯು’ ಎಂದುಕೊಂಡು ಎಣ್ಣೆ ತಿಕ್ಕಿಸುತ್ತಾ ತಿಂಗಳು ಕಳೆದವರನ್ನು ನೋಡಿ ನನಗೆ ಸಂಕಟವಾಗಿದೆ. ಸಕ್ಕರೆ ಕಾಯಿಲೆಯವರು ಬಿಸಿನೀರಿನ ಬ್ಯಾಗು ಇಡಲೇಬೇಡಿ, ಸ್ಪರ್ಶ ಕಳೆದುಕೊಂಡ ಪಾದಕ್ಕೆ ಸುಟ್ಟದ್ದೂ ತಿಳಿಯದು. ಇಂಥವರಿಗೆ ನಡೆದಾಗ ನೋವೇ ಬಾರದಿರಬಹುದು. ಹಾಗಾಗಿ ದಿನವೂ ಬೆರಳ ಸಂದಿ, ಹಿಮ್ಮಡಿಯಲ್ಲಿ ಗಾಯವಿದೆಯೇ ನೋಡಿಕೊಳ್ಳಿ.

ರಕ್ತದ ಹರಿವು ನೋಡುವ ಡಾಪ್ಲರ್ ಸ್ಕ್ಯಾನ್ ಸಾಮಾನ್ಯವಾಗಿ ಸ್ಟೆಂಟ್ ಹಾಕಿದ 1, 6, 12ನೇ ತಿಂಗಳಿಗೆ, ಆಮೇಲೆ ವರ್ಷಕ್ಕೊಮ್ಮೆ. ಜತೆಗೆ ಕಣಕಾಲಿನ ಬಿಪಿಯನ್ನು ತೋಳಿನ ಬಿಪಿಯಿಂದ ಭಾಗಿಸಿ ನೋಡುತ್ತಾರೆ. ಅದು 0.9ಕ್ಕಿಂತ ಕಡಿಮೆಯಿದ್ದರೆ ಅಡ್ಡಿಯಿದೆ ಎಂದರ್ಥ. ಹಿಂದಿನ ಸಲಕ್ಕಿಂತ 0.15 ಇಳಿದಿದ್ದರೂ ಎಚ್ಚರ ಬೇಕು, ಅದಕ್ಕೇ ಹಳೆಯ ರಿಪೋರ್ಟ್ ಒಯ್ಯಿರಿ. ಸಕ್ಕರೆ ಕಾಯಿಲೆಯಲ್ಲಿ ನಾಳ ಗಡುಸಾಗಿ ಈ ಅಂಕ ಸುಳ್ಳು ಹೇಳಬಹುದು, ಕಾಲಿನ ಹೆಬ್ಬೆರಳಿನ ರಕ್ತದೊತ್ತಡ ಅಳೆಯುವಂತೆ ಕೇಳಿ. ವಸಂತನಗರದ ಭಗವಾನ್ ಮಹಾವೀರ್ ಜೈನ್ ಆಸ್ಪತ್ರೆಯಲ್ಲಿ ರಕ್ತನಾಳಗಳಿಗೇ ಪ್ರತ್ಯೇಕ ವಿಭಾಗವಿದೆ.

ಆಸ್ಪಿರಿನ್, ಕ್ಲೊಪಿಡೊಗ್ರೆಲ್, ಕೊಲೆಸ್ಟರಾಲ್ ಮಾತ್ರೆ ಯಾವುದನ್ನೂ ನೀವಾಗಿಯೇ ನಿಲ್ಲಿಸಬೇಡಿ. ಹಲ್ಲು ಕೀಳಿಸುವುದಿದ್ದರೂ ಸ್ಟೆಂಟ್ ಹಾಕಿದ ವೈದ್ಯರನ್ನೇ ಮೊದಲು ಕೇಳಿ. ಬೀಡಿ, ಸಿಗರೇಟು ಒಂದೂ ಬೇಡ. ಕಾಲು ದಿಢೀರನೆ ತಣ್ಣಗಾಗಿ, ಬಿಳಚಿಕೊಂಡು, ಜೋಮು ಹಿಡಿದರೆ ಬೆಳಗಾಗಲಿ ಎನ್ನಬೇಡಿ, ಆಗಲೇ 108ಕ್ಕೆ ಕರೆ ಮಾಡಿ.