ಸ್ಕೂಟರು ಒಮ್ಮೆ ಹೊರಟು ಒಮ್ಮೆ ಹೊರಡದಿದ್ದರೆ: ದೋಷ ಪತ್ತೆಯ ಕ್ರಮ

ಬೆಳಗಿನ ಹಾಲನ್ನು ಸಂಘಕ್ಕೆ ಮುಟ್ಟಿಸುವುದು, ಕೊಯ್ದ ಸೊಪ್ಪನ್ನು ಬಾಡುವ ಮೊದಲೇ ಸಂತೆಗೆ ಸಾಗಿಸುವುದು, ಬಿತ್ತನೆಯ ಕಾಲದಲ್ಲಿ ಬೀಜ ಗೊಬ್ಬರ ತರುವುದು, ಅಪರಾತ್ರಿಯಲ್ಲಿ ಮನೆಯವರನ್ನು ಆಸ್ಪತ್ರೆಗೆ ಒಯ್ಯುವುದು - ಇವೆಲ್ಲಕ್ಕೂ ಹಳ್ಳಿಯ ಅನೇಕ ಮನೆಗಳಲ್ಲಿ ಸ್ಕೂಟರೇ ಆಧಾರ. ಆದುದರಿಂದ ಅದು ಪೂರ್ತಿ ಕೆಟ್ಟು ನಿಲ್ಲುವುದಕ್ಕಿಂತಲೂ, ಒಂದು ದಿನ ಮೊದಲ ಒದೆತಕ್ಕೇ ಹೊರಟು ಮರುದಿನ ಇಪ್ಪತ್ತು ಒದೆತಕ್ಕೂ ಜಗ್ಗದಿರುವುದು ಹೆಚ್ಚಿನ ನಷ್ಟವನ್ನುಂಟುಮಾಡುತ್ತದೆ. ಪೂರ್ತಿ ಕೆಟ್ಟ ಯಂತ್ರದ ದೋಷ ಬೇಗ ಸಿಗುತ್ತದೆ. ಆಗಾಗ ಕೈಕೊಡುವ ಯಂತ್ರವು ಮೆಕ್ಯಾನಿಕ್ಕನ ಅಂಗಡಿಯ ಮುಂದೆ ಸರಿಯಾಗಿಯೇ ನಡೆಯುತ್ತದೆ. ಆಗ ಊಹೆಯ ಮೇಲೆ ಒಂದೊಂದೇ ಭಾಗ ಬದಲಾಯಿಸಿ ಹಣ ವ್ಯಯವಾಗುತ್ತದೆಯೇ ಹೊರತು ರೋಗ ಹಾಗೆಯೇ ಉಳಿಯುತ್ತದೆ.

ಈ ಲೇಖನದಲ್ಲಿ ಮುಖ್ಯವಾಗಿ ಕಾರ್ಬುರೇಟರ್ ಇರುವ ಟೂ-ಸ್ಟ್ರೋಕ್ ಗೇರಿನ ಸ್ಕೂಟರುಗಳನ್ನು, ಅಂದರೆ 1972ರಲ್ಲಿ ಮಾರುಕಟ್ಟೆಗೆ ಬಂದ ಬಜಾಜ್ ಚೇತಕ್ ಮತ್ತು ಅದೇ ಜಾತಿಯ ಯಂತ್ರಗಳನ್ನು ಗಮನದಲ್ಲಿರಿಸಿಕೊಳ್ಳಲಾಗಿದೆ. ಇವುಗಳ ತಯಾರಿಕೆ ನಿಂತು ವರ್ಷಗಳಾಗಿದ್ದರೂ ಹಳ್ಳಿಗಳಲ್ಲಿ ಇನ್ನೂ ಓಡಾಡುತ್ತಿವೆ. ಬೆನ್ನಿಗೆ ಹೊರುವ ಟೂ-ಸ್ಟ್ರೋಕ್ ಪವರ್ ಸ್ಪ್ರೇಯರಿನ ಎಂಜಿನ್ನಿಗೂ ಇದೇ ಕ್ರಮ ಬಹುಮಟ್ಟಿಗೆ ಅನ್ವಯಿಸುತ್ತದೆ.

ಎಂಜಿನ್ನಿಗೆ ಬೇಕಾದುದೇನು?

ಬೀಜ ಮೊಳೆಯಲು ತೇವ, ಗಾಳಿ ಮತ್ತು ತಕ್ಕ ಉಷ್ಣತೆ ಬೇಕಾಗುವಂತೆ ಎಂಜಿನ್ ಹೊರಡಲು ಮೂರು ಅಂಶಗಳು ಬೇಕು:

1. ಹದವಾಗಿ ಬೆರೆತ ಪೆಟ್ರೋಲು ಮತ್ತು ಗಾಳಿ.
2. ಸಕಾಲದಲ್ಲಿ ಬಲವಾದ ಕಿಡಿ.
3. ಸಿಲಿಂಡರಿನೊಳಗೆ ಸಾಕಷ್ಟು ಒತ್ತಡ.

ಈ ಮೂರರಲ್ಲಿ ಯಾವುದು ಇಲ್ಲವೆಂದು ಕಂಡುಕೊಳ್ಳುವುದೇ ದೋಷ ಪತ್ತೆ. ಪೈರು ಹಳದಿಯಾದಾಗ ಯೂರಿಯಾ, ಸತು ಮತ್ತು ಔಷಧಿ ಮೂರನ್ನೂ ಒಂದೇ ದಿನ ಕೊಟ್ಟರೆ ಯಾವುದರಿಂದ ಗುಣವಾಯಿತೆಂದು ತಿಳಿಯುವುದಿಲ್ಲ. ಯಂತ್ರದ ವಿಷಯದಲ್ಲಿಯೂ ಹಾಗೆಯೇ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಅದರ ಫಲ ನೋಡಿದ ನಂತರವೇ ಮುಂದಿನದಕ್ಕೆ ಕೈಹಾಕಬೇಕು.

ಲಕ್ಷಣಗಳನ್ನು ಬರೆದಿಡುವುದು

ಸ್ಪಾನರ್ ಹಿಡಿಯುವ ಮೊದಲು ಒಂದು ವಾರದ ಕಾಲ ಸ್ಕೂಟರು ಕೈಕೊಟ್ಟಾಗಲೆಲ್ಲ ಮೂರು ಸಂಗತಿಗಳನ್ನು ಪುಸ್ತಕದಲ್ಲಿ ಗುರುತು ಹಾಕಿಕೊಳ್ಳಬೇಕು: ಎಂಜಿನ್ ತಣ್ಣಗಿತ್ತೇ, ಬಿಸಿಯಾಗಿತ್ತೇ? ಮಳೆ ಅಥವಾ ಇಬ್ಬನಿ ಇತ್ತೇ? ಟ್ಯಾಂಕಿನಲ್ಲಿ ಪೆಟ್ರೋಲು ಎಷ್ಟಿತ್ತು? ಇಷ್ಟರಿಂದಲೇ ಹುಡುಕಾಟದ ಕ್ಷೇತ್ರ ಬಹಳ ಕಿರಿದಾಗುತ್ತದೆ.

ತಣ್ಣಗಿರುವಾಗ ಹೊರಡದೆ, ಒಮ್ಮೆ ಹೊರಟ ಮೇಲೆ ದಿನವಿಡೀ ಸರಿಯಾಗಿರುವುದು: ಚೋಕ್ ಪೂರ್ತಿ ಎಳೆಯುತ್ತಿಲ್ಲ, ಕಾರ್ಬುರೇಟರಿನ ಸಣ್ಣ ಜೆಟ್ ಕಟ್ಟಿದೆ ಅಥವಾ ಎಲ್ಲಿಂದಲೋ ಹೆಚ್ಚು ಗಾಳಿ ಒಳನುಗ್ಗುತ್ತಿದೆ.

ತಣ್ಣಗಿರುವಾಗ ಹೊರಟು, ಬಿಸಿಯಾದ ಮೇಲೆ ನಿಂತರೆ ಅರ್ಧ ಗಂಟೆ ಹೊರಡದಿರುವುದು: ಕಿಡಿ ಕೊಡುವ ಕಾಯಿಲ್ ಅಥವಾ ಕಂಡೆನ್ಸರ್ ಬಿಸಿಗೆ ಸೋಲುತ್ತಿರುವ ಸಂಭವ ಹೆಚ್ಚು.

ಮಳೆಯಲ್ಲಿ ಮಾತ್ರ ಕೈಕೊಡುವುದು: ಪ್ಲಗ್ಗಿಗೆ ಹೋಗುವ ದಪ್ಪ ತಂತಿ ಅಥವಾ ಅದರ ಟೋಪಿ ಬಿರುಕು ಬಿಟ್ಟು ಕಿಡಿ ಹೊರಗೇ ಸೋರುತ್ತಿದೆ. ಕತ್ತಲೆಯಲ್ಲಿ ನೋಡಿದರೆ ಸೋರುವ ಜಾಗದಲ್ಲಿ ನೀಲಿ ಮಿನುಗು ಕಾಣುವುದುಂಟು.

ಎರಡು ಮೂರು ಕಿಲೋಮೀಟರ್ ಓಡಿ ನಿಂತು, ಸ್ವಲ್ಪ ಹೊತ್ತಿನ ನಂತರ ತಾನಾಗಿಯೇ ಹೊರಡುವುದು: ಟ್ಯಾಂಕಿನ ಮುಚ್ಚಳದ ಗಾಳಿರಂಧ್ರ ಮುಚ್ಚಿದೆ. ಪೆಟ್ರೋಲು ಕೆಳಗಿಳಿಯಬೇಕಾದರೆ ಮೇಲಿನಿಂದ ಗಾಳಿ ಬರಲೇಬೇಕು. ಮುಚ್ಚಳ ತೆರೆದಾಗ ಗಾಳಿ ಒಳಗೆ ಹೀರಿದ ಸದ್ದಾಗಿ, ಆಮೇಲೆ ಎಂಜಿನ್ ಹೊರಟರೆ ಸಂಶಯವೇ ಬೇಡ. ಧೂಳಿನಿಂದ ಅಥವಾ ಕಣಜದ ಮಣ್ಣಿನಿಂದ ಈ ರಂಧ್ರ ಮುಚ್ಚಿಹೋಗುವುದುಂಟು.

ಒಂದು ಮಗ್ಗುಲಿಗೆ ವಾಲಿಸಿದರೆ ಮಾತ್ರ ಹೊರಡುವುದು: ವಾಲಿಸುವುದು ಬಹು ಹಿಂದಿನಿಂದ ಬಂದ ರೂಢಿ. ಹಾಗೆ ಮಾಡಿದಾಗ ಕಾರ್ಬುರೇಟರಿನ ತೇಲುಕೋಣೆಯ ಪೆಟ್ರೋಲು ಒಳದಾರಿಗೆ ಹರಿದು ಚೋಕಿನ ಕೆಲಸ ಮಾಡುತ್ತದೆ. ದಿನವೂ ವಾಲಿಸಬೇಕಾಗಿ ಬಂದರೆ ಅದು ಯಂತ್ರದ ಸ್ವಭಾವವಲ್ಲ, ಚೋಕ್ ಅಥವಾ ಜೆಟ್ಟಿನ ದೋಷದ ಕುರುಹು.

ಪರೀಕ್ಷೆಯ ಕ್ರಮ

ಮೊದಲನೆಯದು, ಕಣ್ಣಿಗೆ ಕಾಣುವುದು. ಪೆಟ್ರೋಲು ಇದೆಯೇ, ನಲ್ಲಿ ತೆರೆದಿದೆಯೇ, ಗೇರು ನ್ಯೂಟ್ರಲ್ಲಿನಲ್ಲಿದೆಯೇ, ಸ್ವಿಚ್ ಸರಿಯಾದ ಸ್ಥಾನದಲ್ಲಿದೆಯೇ ಎಂದು ನೋಡಬೇಕು. ಇವು ಸಣ್ಣ ಮಾತುಗಳೆಂದು ಬಿಟ್ಟು ಕಾರ್ಬುರೇಟರ್ ಬಿಚ್ಚಿದವರು ಬಹಳ ಮಂದಿ.

ಎರಡನೆಯದು, ಪ್ಲಗ್ಗನ್ನು ಓದುವುದು. ಹತ್ತು ಬಾರಿ ಒದ್ದ ನಂತರ ಬಲಬದಿಯ ಹೊದಿಕೆ ತೆಗೆದು ಸ್ಪಾರ್ಕ್ ಪ್ಲಗ್ಗನ್ನು ಬಿಚ್ಚಬೇಕು. ಅದರ ತುದಿ ಎಂಜಿನ್ನಿನ ಒಳಗಿನ ಸ್ಥಿತಿಯನ್ನು ಹೇಳುತ್ತದೆ. ತುದಿ ಒಣಗಿದ್ದರೆ ಪೆಟ್ರೋಲು ತಲಪುತ್ತಿಲ್ಲ. ಪೆಟ್ರೋಲಿನಿಂದ ತೊಯ್ದಿದ್ದರೆ ಇಂಧನ ಬರುತ್ತಿದೆ, ಆದರೆ ಕಿಡಿ ಇಲ್ಲ, ಇಲ್ಲವೆ ಇಂಧನವೇ ಹೆಚ್ಚಾಗಿದೆ. ಒಣ ಮಸಿ ಹಿಡಿದಿದ್ದರೆ ಗಾಳಿ ಸಾಲದು. ಏರ್ ಫಿಲ್ಟರನ್ನು ನೋಡಬೇಕು. ಎಣ್ಣೆಯ ಜಿಡ್ಡಿನ ಕಪ್ಪಿದ್ದರೆ ಎಣ್ಣೆ ಹೆಚ್ಚಾಗಿದೆ. ತುದಿ ಬೆಳ್ಳಗೆ ಸುಟ್ಟಂತಿದ್ದರೆ ಗಾಳಿ ಹೆಚ್ಚಾಗಿದೆ. ತಿಳಿಗಂದು ಬಣ್ಣವಿದ್ದರೆ ಎಲ್ಲವೂ ಸರಿ. ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ಕೂದಲೆಳೆಯಂಥ ಇದ್ದಿಲ ಚೂರು ಪ್ಲಗ್ಗಿನ ಎರಡು ತುದಿಗಳ ನಡುವೆ ಸೇತುವೆ ಕಟ್ಟುವುದುಂಟು. ಅದನ್ನು ತೆಗೆದರೆ ಸಾಕು, ಸ್ಕೂಟರು ಹೊರಡುತ್ತದೆ. ಹಳೆಯ ಗೇರಿನ ಸ್ಕೂಟರುಗಳಲ್ಲಿ ಪ್ಲಗ್ಗಿನ ತುದಿಗಳ ಅಂತರ ಸಾಮಾನ್ಯವಾಗಿ 0.6 ಮಿ.ಮೀ. ಇರಬೇಕು.

ಮೂರನೆಯದು, ಕಿಡಿಯ ಪರೀಕ್ಷೆ. ಒರೆಸಿದ ಪ್ಲಗ್ಗನ್ನು ಟೋಪಿಗೆ ಸಿಕ್ಕಿಸಿ, ಅದರ ಲೋಹದ ಭಾಗವನ್ನು ಎಂಜಿನ್ನಿನ ಬರಿಯ ಲೋಹಕ್ಕೆ ತಾಗಿಸಿ, ಪ್ಲಗ್ಗಿನ ರಂಧ್ರದಿಂದ ಆದಷ್ಟು ದೂರವಿಟ್ಟು ಒದೆಯಬೇಕು. ರಂಧ್ರದಿಂದ ಪೆಟ್ರೋಲಿನ ಆವಿ ಚಿಮ್ಮುವುದರಿಂದ ಹತ್ತಿರ ಹಿಡಿದರೆ ಬೆಂಕಿ ಹತ್ತುವ ಅಪಾಯವಿದೆ. ರಂಧ್ರಕ್ಕೆ ಬಟ್ಟೆ ಮುಚ್ಚುವುದು ಲೇಸು. ಚಟಪಟ ಸದ್ದಿನ ನೀಲಿ ಕಿಡಿ ಬಂದರೆ ಒಳ್ಳೆಯದು. ಹಳದಿ ಅಥವಾ ಕೆಂಪು ಬಣ್ಣದ ಮಂದ ಕಿಡಿ ಹೊರಗೆ ಕಂಡರೂ ಒಳಗಿನ ಒತ್ತಡದಲ್ಲಿ ಆರಿಹೋಗುತ್ತದೆ. ಕಿಡಿ ಇಲ್ಲದಿದ್ದರೆ ಮೊದಲು ಹೊಸ ಪ್ಲಗ್, ನಂತರ ಟೋಪಿ ಮತ್ತು ತಂತಿ, ಆಮೇಲೆ ಕಾಂಟ್ಯಾಕ್ಟ್ ಪಾಯಿಂಟ್ ಹೀಗೆ ನೋಡುತ್ತ ಹೋಗಬೇಕು. ಪಾಯಿಂಟಿನ ಅಂತರ ಸುಮಾರು 0.4 ಮಿ.ಮೀ. ಇರಬೇಕು. ಪಾಯಿಂಟ್ ಮೇಲಿಂದ ಮೇಲೆ ಸುಟ್ಟು ಗುಳಿ ಬೀಳುತ್ತಿದ್ದರೆ ಕಂಡೆನ್ಸರ್ ಹೋಗಿದೆಯೆಂದು ತಿಳಿಯಬೇಕು. ಎಲೆಕ್ಟ್ರಾನಿಕ್ ಇಗ್ನಿಷನ್ ಇರುವ ಸ್ಕೂಟರಿನಲ್ಲಿ ಪಾಯಿಂಟ್ ಇರುವುದಿಲ್ಲ; ಅದರಲ್ಲಿ ಪ್ಲಗ್ಗನ್ನು ಲೋಹಕ್ಕೆ ತಾಗಿಸದೆ ಒದೆಯಲೇಬಾರದು.

ಇಲ್ಲಿ ಒಂದು ಮುಖ್ಯ ಸೂಚನೆ: ಬಿಸಿಯಾದಾಗ ನಿಲ್ಲುವ ಸ್ಕೂಟರಿನ ಕಿಡಿಯನ್ನು ಅದು ನಿಂತ ಕೂಡಲೇ ಪರೀಕ್ಷಿಸಬೇಕು. ತಣ್ಣಗಾದ ಮೇಲೆ ನೋಡಿದರೆ ಕಿಡಿ ಚೆನ್ನಾಗಿಯೇ ಕಾಣುತ್ತದೆ, ದೋಷ ತಪ್ಪಿಸಿಕೊಳ್ಳುತ್ತದೆ. ಆದುದರಿಂದ ಪ್ಲಗ್ ಸ್ಪಾನರ್ ಮತ್ತು ಒಂದು ಹೆಚ್ಚುವರಿ ಪ್ಲಗ್ ಯಾವಾಗಲೂ ಸ್ಕೂಟರಿನ ಪೆಟ್ಟಿಗೆಯಲ್ಲಿರಬೇಕು.

ನಾಲ್ಕನೆಯದು, ಇಂಧನದ ದಾರಿ. ನಲ್ಲಿಯ ಕೊಳವೆಯನ್ನು ಕಾರ್ಬುರೇಟರಿನಿಂದ ಬಿಡಿಸಿ ಸೀಸೆಯೊಂದಕ್ಕೆ ಹಿಡಿದರೆ ಪೆಟ್ರೋಲು ಧಾರೆಯಾಗಿ ಬೀಳಬೇಕು. ತೊಟ್ಟಿಕ್ಕಿದರೆ ನಲ್ಲಿಯ ಜಾಲರಿ ಅಥವಾ ಮುಚ್ಚಳದ ರಂಧ್ರ ಕಟ್ಟಿದೆ. ಧಾರೆ ಸರಿಯಿದ್ದೂ ಪ್ಲಗ್ ಒಣಗಿದ್ದರೆ ಜೆಟ್ ಕಟ್ಟಿದೆ. ಜೆಟ್ಟನ್ನು ಸೈಕಲ್ ಪಂಪಿನ ಗಾಳಿಯಿಂದ ಶುಚಿಗೊಳಿಸಬೇಕು. ತಂತಿ, ಸೂಜಿ ಚುಚ್ಚಿದರೆ ರಂಧ್ರ ದೊಡ್ಡದಾಗಿ ಇಂಧನದ ಹದ ಶಾಶ್ವತವಾಗಿ ಕೆಡುತ್ತದೆ. ಕಾರ್ಬುರೇಟರಿನಿಂದ ಪೆಟ್ರೋಲು ತುಳುಕುತ್ತಿದ್ದರೆ ತೇಲುಕೋಣೆಯ ಸೂಜಿಯ ಕೆಳಗೆ ಕಸ ಸಿಕ್ಕಿದೆ.

ಎಂಜಿನ್ನಿಗೆ ಪೆಟ್ರೋಲು ತುಂಬಿಕೊಂಡಾಗ ಮತ್ತೆ ಮತ್ತೆ ಚೋಕ್ ಎಳೆಯುವುದು ಸಾಮಾನ್ಯವಾಗಿ ಆಗುವ ತಪ್ಪು. ಆಗ ನಲ್ಲಿ ಮುಚ್ಚಿ, ಚೋಕ್ ತೆಗೆದು, ಎಕ್ಸಿಲರೇಟರನ್ನು ಪೂರ್ತಿ ತಿರುಗಿಸಿ ಎಂಟು ಹತ್ತು ಬಾರಿ ಒದೆಯಬೇಕು. ಆಗಲೂ ಹೊರಡದಿದ್ದರೆ ಪ್ಲಗ್ ಒಣಗಿಸಿ ಹಾಕಬೇಕು.

ಐದನೆಯದು, ಒತ್ತಡ. ಕಿಕ್ಕರನ್ನು ಕೈಯಿಂದ ನಿಧಾನವಾಗಿ ಒತ್ತಿದಾಗ ನಡುವೆ ಬಿಗಿಯಾಗಿ ತಡೆಯಬೇಕು. ಸಲೀಸಾಗಿ ಕೆಳಗಿಳಿದರೆ ಪಿಸ್ಟನ್ ರಿಂಗ್ ಸವೆದಿದೆ ಅಥವಾ ಹೆಡ್ಡಿನ ಜೋಡಣೆ ಸಡಿಲವಾಗಿದೆ. ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ಕ್ರ್ಯಾಂಕಿನ ಎರಡು ಬದಿಯ ಆಯಿಲ್ ಸೀಲುಗಳೂ ಅಷ್ಟೇ ಮುಖ್ಯ. ಕ್ಲಚ್ ಬದಿಯ ಸೀಲ್ ಹೋದರೆ ಗೇರ್ ಆಯಿಲ್ ಒಳಕ್ಕೆ ಸೆಳೆಯಲ್ಪಟ್ಟು ದಟ್ಟ ಬಿಳಿ ಹೊಗೆ ಬರುತ್ತದೆ, ಗೇರ್ ಆಯಿಲ್ ಕಡಿಮೆಯಾಗುತ್ತದೆ. ಮ್ಯಾಗ್ನೆಟ್ ಬದಿಯ ಸೀಲ್ ಹೋದರೆ ಗಾಳಿ ನುಗ್ಗಿ ತಣ್ಣಗಿರುವಾಗ ಹೊರಡುವುದು ಕಷ್ಟವಾಗುತ್ತದೆ, ಹೊರಟ ಮೇಲೆ ಎಂಜಿನ್ ತಾನಾಗಿ ರಭಸ ಪಡೆಯುತ್ತದೆ. ಈ ಕೆಲಸಗಳನ್ನು ನುರಿತ ಮೆಕ್ಯಾನಿಕ್ಕನಿಗೇ ಒಪ್ಪಿಸಬೇಕು. ಸೈಲೆನ್ಸರಿನಲ್ಲಿ ಇದ್ದಿಲು ಕಟ್ಟಿದ್ದರೂ ಎಂಜಿನ್ ಉಸಿರು ಕಟ್ಟಿದಂತಾಗಿ ಎಳೆಯುವುದಿಲ್ಲ.

ಎಣ್ಣೆಯ ಪ್ರಮಾಣ ಮತ್ತು ಇಂದಿನ ಪೆಟ್ರೋಲು

ಟೂ-ಸ್ಟ್ರೋಕ್ ಎಂಜಿನ್ನಿಗೆ ಪೆಟ್ರೋಲಿನಲ್ಲಿ ಬೆರೆತ ಎಣ್ಣೆಯೇ ಜೀವ. ಶೇಕಡಾ 2ರ ಪ್ರಮಾಣವಿರುವ ಸ್ಕೂಟರಿಗೆ ಲೀಟರಿಗೆ 20 ಮಿ.ಲೀ. ಎಣ್ಣೆ ಸಾಕು. "ಇನ್ನಷ್ಟು ಇರಲಿ" ಎಂದು ಹೆಚ್ಚಿಸಿದರೆ ಪ್ಲಗ್ ಜಿಡ್ಡಾಗುತ್ತದೆ. ಕಡಿಮೆ ಮಾಡಿದರೆ ಪಿಸ್ಟನ್ ಕಚ್ಚಿಕೊಳ್ಳುತ್ತದೆ. ಸ್ಪ್ರೇಯರುಗಳಿಗೆ ಪ್ರಮಾಣ ಬೇರೆ ಇರುವುದರಿಂದ ಅದರ ಕೈಪಿಡಿಯಂತೆಯೇ ನಡೆಯಬೇಕು. ಎಣ್ಣೆಯನ್ನು ಅಳತೆಯ ಪಾತ್ರೆಯಲ್ಲಿ ಅಳೆದೇ ಹಾಕತಕ್ಕದ್ದು.

ಶೇಕಡಾ 20 ಎಥನಾಲ್ ಬೆರೆತ ಪೆಟ್ರೋಲನ್ನು 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಬಿಡುಗಡೆ ಮಾಡಲಾಯಿತು. ಕಬ್ಬು ಮತ್ತು ಮೆಕ್ಕೆಜೋಳದಿಂದ ತಯಾರಾಗುವ ಎಥನಾಲ್ ರೈತರ ಬೆಳೆಗೆ ಬೇಡಿಕೆ ತಂದಿದೆಯಾದರೂ ಹಳೆಯ ಸ್ಕೂಟರಿನ ಒಡೆಯರು ಎರಡು ವಿಷಯ ಗಮನಿಸಬೇಕು. ಎಥನಾಲ್ ನೀರನ್ನು ಹೀರುತ್ತದೆ. ನೀರು ಮಿತಿಮೀರಿದಾಗ ಎಥನಾಲ್ ಮತ್ತು ನೀರು ಕೂಡಿ ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳದಲ್ಲಿ ನಿಲ್ಲುತ್ತವೆ. ನಲ್ಲಿ ಸೆಳೆಯುವುದು ಈ ತಳದ ಪದರವನ್ನೇ. ಮಳೆಗಾಲದಲ್ಲಿ ವಾರಗಟ್ಟಲೆ ನಿಂತ ಸ್ಕೂಟರು ಹೊರಡದಿರಲು ಇದೂ ಒಂದು ಕಾರಣ. ತಳದ ಪೆಟ್ರೋಲನ್ನು ಗಾಜಿನ ಸೀಸೆಗೆ ಹಿಡಿದು ಕೆಲ ನಿಮಿಷ ಇಟ್ಟರೆ ಎರಡು ಪದರಗಳು ಕಾಣುತ್ತವೆ. ಅಂತಹ ಪೆಟ್ರೋಲನ್ನು ಬಳಸಬಾರದು. ಬಾವಿ, ಕಾಲುವೆ, ಹೊಲಗಳ ಬಳಿ ಚೆಲ್ಲಲೂಬಾರದು. ಎರಡನೆಯದಾಗಿ, ಹಳೆಯ ರಬ್ಬರು ಕೊಳವೆ ಮತ್ತು ವಾಷರುಗಳು ಎಥನಾಲಿಗೆ ಉಬ್ಬಿ ಮೆತ್ತಗಾಗಬಹುದು. ಅವನ್ನು ಆಗಾಗ ನೋಡಿ ಬದಲಾಯಿಸಬೇಕು.

ತಿಂಗಳಿಗಿಂತ ಹೆಚ್ಚು ನಿಲ್ಲಿಸುವ ಸ್ಕೂಟರಿನ ಮತ್ತು ಸಿಂಪರಣೆಯ ಕಾಲ ಮುಗಿದ ಸ್ಪ್ರೇಯರಿನ ನಲ್ಲಿ ಮುಚ್ಚಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಕಾರ್ಬುರೇಟರನ್ನು ಬರಿದು ಮಾಡಬೇಕು. ಇಲ್ಲವಾದರೆ ಪೆಟ್ರೋಲು ಆವಿಯಾಗಿ, ಉಳಿದ ಎಣ್ಣೆಯ ಅಂಟು ಜೆಟ್ಟನ್ನು ಮುಚ್ಚುತ್ತದೆ.

ಹೊಸ ಸ್ಕೂಟರುಗಳಲ್ಲಿ

2020ರ ಏಪ್ರಿಲ್ 1ರಿಂದ ಭಾರತ್ ಸ್ಟೇಜ್ 6 ನಿಯಮ ಬಂದ ಮೇಲೆ ಹೊಸ ಸ್ಕೂಟರುಗಳಲ್ಲಿ ಕಾರ್ಬುರೇಟರಿನ ಬದಲು ಫ್ಯೂಯೆಲ್ ಇಂಜೆಕ್ಷನ್ ಬಂದಿದೆ. ಇವುಗಳಿಗೆ ಬ್ಯಾಟರಿಯೇ ಮುಖ್ಯ. ಕೀಲಿ ತಿರುಗಿಸಿದ ಕೂಡಲೇ ಇಂಧನ ಪಂಪಿನ ಸಣ್ಣ ಗುಂಯ್‌ಗುಟ್ಟುವಿಕೆ ಕೇಳದಿದ್ದರೆ ಮೊದಲು ಬ್ಯಾಟರಿ, ಅದರ ತಂತಿಯ ಬಿಗಿತ ಮತ್ತು ಫ್ಯೂಸ್ ನೋಡಬೇಕು. ಅನೇಕ ಮಾದರಿಗಳಲ್ಲಿ ಸೈಡ್ ಸ್ಟ್ಯಾಂಡ್ ಇಳಿದಿದ್ದರೆ ಅಥವಾ ಬ್ರೇಕ್ ಹಿಡಿಯದಿದ್ದರೆ ಎಂಜಿನ್ ಹೊರಡುವುದಿಲ್ಲ. ಇಂಜೆಕ್ಷನ್ನಿನ ಭಾಗಗಳನ್ನು ಮನೆಯಲ್ಲಿ ಬಿಚ್ಚುವುದು ಸರಿಯಲ್ಲ.

ಎಚ್ಚರಿಕೆ

ದುರಸ್ತಿಯನ್ನು ಬಯಲಿನಲ್ಲಿ, ಎಂಜಿನ್ ತಣ್ಣಗಾದ ಮೇಲೆ ಮಾಡಬೇಕು. ಬೀಡಿ, ದೀಪ, ಒಲೆ ಹತ್ತಿರವಿರಬಾರದು. ಟ್ಯಾಂಕಿನೊಳಗೆ ನೋಡಲು ಬೆಂಕಿಕಡ್ಡಿ ಗೀರುವುದು ಪ್ರಾಣಕ್ಕೆ ಎರವು. ಕೊಳವೆಗೆ ಬಾಯಿಟ್ಟು ಪೆಟ್ರೋಲು ಎಳೆಯಬಾರದು. ಅದು ಶ್ವಾಸಕೋಶಕ್ಕೆ ಇಳಿದರೆ ಸಾವೂ ಸಂಭವಿಸಬಹುದು. ಮುಚ್ಚಿದ ಕೊಠಡಿಯಲ್ಲಿ ಎಂಜಿನ್ ಓಡಿಸಿದರೆ ಹೊಗೆಯ ವಿಷಾನಿಲ ಉಸಿರುಗಟ್ಟಿಸುತ್ತದೆ. ಬಿಡಿಸಿದ ಪೆಟ್ರೋಲನ್ನು ಕುಡಿಯುವ ನೀರಿನ ಸೀಸೆಯಲ್ಲಿಡದೆ, ಮಕ್ಕಳ ಕೈಗೆ ಸಿಗದಂತೆ ಇರಿಸಬೇಕು.

ಈ ಕ್ರಮವನ್ನು ಅನುಸರಿಸಿದರೆ ಅನೇಕ ದೋಷಗಳು ಪ್ಲಗ್, ಜೆಟ್, ಮುಚ್ಚಳದ ರಂಧ್ರ, ತಂತಿಯ ಟೋಪಿ ಇಂತಹ ಸಣ್ಣ ಜಾಗಗಳಲ್ಲಿಯೇ ಸಿಕ್ಕಿಬಿಡುತ್ತವೆ. ಮೆಕ್ಯಾನಿಕ್ಕನ ಬಳಿಗೇ ಹೋಗಬೇಕಾಗಿ ಬಂದರೂ "ಹೊರಡುವುದಿಲ್ಲ" ಎನ್ನುವ ಬದಲು "ಬಿಸಿಯಾದ ಮೇಲೆ ಕಿಡಿ ಹೋಗುತ್ತದೆ, ಪ್ಲಗ್ ತೊಯ್ದಿರುತ್ತದೆ" ಎಂದು ಹೇಳಬಲ್ಲ ರೈತನ ಕೆಲಸ ಬೇಗ ಮುಗಿಯುತ್ತದೆ, ಖರ್ಚೂ ಹಿಡಿತದಲ್ಲಿರುತ್ತದೆ.